25 ನಿಮಿಷದಲ್ಲಿ ಒಂದು ಸಂಸಾರ

ಎಲ್ಲರಿಗೂ ನಮಸ್ಕಾರ. ಉಡುಪಿಯ ಈ ಮಳೆಗೆ ಕೊಡೆ ಇದ್ದೂ ಪ್ರಯೋಜನ ಇಲ್ಲ, ಆದರೂ ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ರಾತ್ರಿ ಯಕ್ಷಗಾನದ ಆಟ ನೋಡಿದವರು ಬೆಳಿಗ್ಗೆ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಮಾತಾಡುವುದನ್ನು ನೀವೆಲ್ಲ ಕೇಳಿದ್ದೀರಿ. ಕರ್ಣ ಚೆನ್ನಾಗಿತ್ತು, ಕೊನೆಗೆ ಸ್ವಲ್ಪ ಅವಸರ ಮಾಡಿದರು. ಭಾಗವತರು ಆ ಪದ್ಯವನ್ನು ಇನ್ನೂ ಸ್ವಲ್ಪ ಎತ್ತಬೇಕಿತ್ತು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ಹೋಗಿ ಕೂತದ್ದು, ಆದರೂ ಬೆಳಿಗ್ಗೆ ಕಣ್ಣು ಕೆಂಪು, ಅದು ನಿದ್ದೆಗೆಟ್ಟದ್ದಕ್ಕೋ ಅತ್ತದ್ದಕ್ಕೋ ಅಂತ ಹೇಳಲಿಕ್ಕಾಗುವುದಿಲ್ಲ. ಆಮೇಲೆ ಒಂದು ಜಗಳ ಉಂಟು. ಕೃಷ್ಣ ಹಾಗೆ ಮಾಡಿದ್ದು ಸರಿಯಾ ಅಂತ. ಆ ಜಗಳ ನೂರಾರು ವರ್ಷದಿಂದ ಮುಗಿದಿಲ್ಲ.

ಇವತ್ತು ನಾನು ಮಾತಾಡುವುದು ಅಂಥದ್ದೇ ಒಂದು ಜಗಳದ ಬಗ್ಗೆ. 1992ರ ಜೂನ್ ತಿಂಗಳಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ಒಂದು ಕಂತು. ಧಾರಾವಾಹಿ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್', ಕಂತಿನ ಹೆಸರು 'ದಿ ಇನ್ನರ್ ಲೈಟ್'. ಐದನೇ ವರ್ಷದ ಕೊನೆಯ ಕಂತಿಗಿಂತ ಒಂದು ಹಿಂದಿನದು. ಇಷ್ಟು ವರ್ಷ ಆದ ಮೇಲೂ ಇಬ್ಬರು ಅಭಿಮಾನಿಗಳು ಕೂತರೆ ಈ ಕಂತಿನ ವಿಷಯ ಬಂದೇ ಬರುತ್ತದೆ. ಒಬ್ಬರು ಅಳುತ್ತಾರೆ, ಇನ್ನೊಬ್ಬರಿಗೆ ಸಿಟ್ಟು ಬರುತ್ತದೆ. ಎಷ್ಟೋ ಸಲ ಎರಡೂ ಒಬ್ಬರಿಗೇ ಆಗುತ್ತದೆ.

ಕತೆ ಪೂರ್ತಿ ಹೇಳುತ್ತೇನೆ. ಕತೆ ಗೊತ್ತಿದ್ದೂ ಆಟ ನೋಡುವವರು ನಾವು, ಹಾಗಾಗಿ ಯಾರಿಗೂ ನಷ್ಟ ಇಲ್ಲ.

ಎಂಟರ್‌ಪ್ರೈಸ್ ಅಂತ ಒಂದು ಆಕಾಶದ ಹಡಗು. ಅದರ ಕ್ಯಾಪ್ಟನ್ ಪಿಕಾರ್ಡ್. ಮದುವೆ ಇಲ್ಲ, ಮಕ್ಕಳಿಲ್ಲ, ಕೆಲಸವೇ ಜೀವನ. ಎಲ್ಲಿಂದಲೋ ತೇಲಿ ಬಂದ ಒಂದು ಹಳೇ ಯಂತ್ರ ಅವನ ಮೇಲೆ ಒಂದು ಕಿರಣ ಬಿಡುತ್ತದೆ, ಅವನು ಅಲ್ಲೇ ಬೀಳುತ್ತಾನೆ. ಕಣ್ಣು ಬಿಟ್ಟರೆ ಕಟಾನ್ ಎಂಬ ಲೋಕದ ಒಂದು ಸಣ್ಣ ಊರು, ರೆಸಿಕ್. ಎದುರಿಗೆ ಒಬ್ಬಳು ಹೆಂಗಸು ಎಲೀನ್. ನೀನು ಕಾಮಿನ್, ನನ್ನ ಗಂಡ, ಜ್ವರದಲ್ಲಿ ಮಲಗಿದ್ದೆ ಅನ್ನುತ್ತಾಳೆ. ಅವನು ನಂಬುವುದಿಲ್ಲ. ವರ್ಷಗಟ್ಟಲೆ ನಕ್ಷತ್ರ ನೋಡುತ್ತಾ ತನ್ನ ಹಡಗನ್ನು ಹುಡುಕುತ್ತಾನೆ. ಆಮೇಲೆ ನಿಧಾನಕ್ಕೆ, ಯಾವಾಗ ಅಂತ ಅವನಿಗೂ ಗೊತ್ತಾಗದ ಹಾಗೆ, ಅವನು ಕಾಮಿನ್ ಆಗಿಬಿಡುತ್ತಾನೆ. ಮಗಳು ಹುಟ್ಟುತ್ತಾಳೆ, ಮೆರಿಬೋರ್. ಮಗ ಹುಟ್ಟುತ್ತಾನೆ, ಅವನಿಗೆ ತೀರಿಹೋದ ಗೆಳೆಯ ಬಟಾಯಿಯ ಹೆಸರನ್ನೇ ಇಡುತ್ತಾರೆ. ಕೊಳಲು ಕಲಿಯುತ್ತಾನೆ. ಹೆಂಡತಿ ಸಾಯುತ್ತಾಳೆ. ಮೊಮ್ಮಗನನ್ನು ಎತ್ತಿ ಆಡಿಸುವ ಮುದುಕನಾಗುತ್ತಾನೆ.

ಇಷ್ಟೆಲ್ಲ ಆಗುವಾಗ ಊರಲ್ಲಿ ಮಳೆ ಇಲ್ಲ. ಕಟ್ಟೆಯಲ್ಲಿ ಒಂದು ಎಳೇ ಮರ ಉಂಟು, ನೀರು ಎಷ್ಟು ಕಮ್ಮಿ ಇದ್ದರೂ ಅದಕ್ಕೆ ಅಂತ ಸ್ವಲ್ಪ ತೆಗೆದಿಡುತ್ತಾರೆ. ಅಪ್ಪ ಮಗಳು ಇಬ್ಬರೂ ಲೆಕ್ಕ ಹಾಕಿ ನೋಡಿರುತ್ತಾರೆ. ಮಣ್ಣು ಸತ್ತಿದೆ, ಸೂರ್ಯ ಸಾಯುತ್ತಿದ್ದಾನೆ. ಮಗಳಿಗೆ ಗೊತ್ತು ಅಂತ ಅಪ್ಪನಿಗೆ ಗೊತ್ತಾಗುವ ಒಂದು ಗಳಿಗೆ ಬರುತ್ತದೆ. ಆಗ ಅವನು ಅವಳಿಗೆ ಹೇಳುವುದು ವಿಜ್ಞಾನ ಅಲ್ಲ. ಮದುವೆ ಆಗಬೇಕು ಅಂತಿದ್ದರೆ ಬೇಗ ಆಗಿಬಿಡು, ಮುಂದೂಡಬೇಡ ಅನ್ನುವ ಅರ್ಥದ ಮಾತು. ಮಕ್ಕಳಿರುವವರು ಈ ಜಾಗದಲ್ಲಿ ತಡೆದುಕೊಳ್ಳುವುದು ಕಷ್ಟ.

ಕೊನೆಗೆ ಊರವರೆಲ್ಲ ಸೇರಿ ಒಂದು ರಾಕೆಟ್ ಹಾರಿಸುವುದನ್ನು ನೋಡಲು ಮುದುಕನನ್ನು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಸತ್ತ ಗೆಳೆಯ ಬರುತ್ತಾನೆ, ಸತ್ತ ಎಲೀನ್ ಹರೆಯದ ಮುಖದಲ್ಲಿ ಬಂದು ನಿಲ್ಲುತ್ತಾಳೆ. ಆಗ ಅವನಿಗೆ ಅರ್ಥವಾಗುತ್ತದೆ, ಆ ರಾಕೆಟ್ಟೇ ಮುಂದೆ ತನ್ನನ್ನು ಹುಡುಕಿ ಬರುವ ಯಂತ್ರ ಅಂತ. ಇವರೆಲ್ಲ ಸತ್ತು ಸಾವಿರ ವರ್ಷ ಆಗಿದೆ. ನಾವು ಹೇಗೆ ಬದುಕಿದ್ದೆವು ಅಂತ ಒಬ್ಬರಿಗಾದರೂ ಗೊತ್ತಿರಲಿ, ಅಷ್ಟೇ ಅವರ ಆಸೆ.

ಪಿಕಾರ್ಡ್ ಹಡಗಿನಲ್ಲಿ ಎಚ್ಚರಗೊಳ್ಳುತ್ತಾನೆ. ಅವನಿಗೆ ಸುಮಾರು 40 ವರ್ಷ ಕಳೆದಿತ್ತು, ಹಡಗಿನಲ್ಲಿ ಕಳೆದದ್ದು 25 ನಿಮಿಷ. ಯಂತ್ರದ ಒಳಗೆ ಸಿಕ್ಕಿದ ಒಂದು ಸಣ್ಣ ಪೆಟ್ಟಿಗೆಯನ್ನು ತಂದುಕೊಡುತ್ತಾರೆ. ಅದರಲ್ಲಿ ಅವನ ಕೊಳಲು. ಅವನು ಅದನ್ನು ಎದೆಗೆ ಒತ್ತಿ ಹಿಡಿಯುತ್ತಾನೆ, ಕಿಟಕಿಯ ಹತ್ತಿರ ಹೋಗುತ್ತಾನೆ, ಮಗನ ನಾಮಕರಣದ ದಿನ ನುಡಿಸಿದ ಆ ಧಾಟಿ ನುಡಿಸುತ್ತಾನೆ. ಕಂತು ಮುಗಿಯಿತು.

ನಮ್ಮವರಿಗೆ ಈ ಕತೆ ಹೇಳಿದ ಕೂಡಲೇ, ಅಯ್ಯೋ ಇದು ನಾರದನ ಕತೆ ಅಲ್ವಾ ಅನ್ನುತ್ತಾರೆ. ನನಗೂ ಮೊದಲು ಹಾಗೇ ಅನಿಸಿತ್ತು. ನಾರದ ನೀರು ತರಲು ಹೋಗುತ್ತಾನೆ, ಹುಡುಗಿಯನ್ನು ನೋಡುತ್ತಾನೆ, ಮದುವೆ, ಮಕ್ಕಳು, ನೆರೆ ಬಂದು ಎಲ್ಲ ಕೊಚ್ಚಿಕೊಂಡು ಹೋಗುತ್ತದೆ, ಅಳುತ್ತಾ ಕೂತಾಗ ದೇವರು ಬೆನ್ನ ಹಿಂದೆ ನಿಂತು ನೀರು ಎಲ್ಲಿ ಮಗಾ ಅನ್ನುತ್ತಾನೆ. ಅಜ್ಜಿ ಹೇಳಿದ್ದು ಹಾಗೆ. ಆದರೆ ನೋಡಿ, ಅಲ್ಲಿ ಹೇಳುವುದು, ಅದೆಲ್ಲ ಮಾಯೆ, ಬಿಟ್ಟುಬಿಡು ಅಂತ. ಇಲ್ಲಿ ಹೇಳುವುದು ಪೂರ್ತಿ ಉಲ್ಟಾ. ಅದೆಲ್ಲ ನಿಜ, ಆ ಜನ ನಿಜವಾಗಿ ಇದ್ದರು, ದಯವಿಟ್ಟು ಬಿಡಬೇಡ. ನಾರದನ ಕತೆ ಕೇಳಿ ಸಣ್ಣವನಿದ್ದಾಗ ನನಗೆ ಒಂದು ಸಂಕಟ ಆಗಿತ್ತು, ಆ ಮಕ್ಕಳು ಏನಾದರು ಅಂತ. ಯಾರೂ ಉತ್ತರ ಕೊಟ್ಟಿರಲಿಲ್ಲ.

ಈಗ ಜಗಳಕ್ಕೆ ಬರೋಣ.

ಮೆಚ್ಚಿದವರ ಲೆಕ್ಕ ಸುಲಭ. ಹ್ಯೂಗೋ ಪ್ರಶಸ್ತಿ ಅಂತ ಉಂಟು, ವೈಜ್ಞಾನಿಕ ಕತೆಗಳಿಗೆ ಕೊಡುವುದು. ಅದಕ್ಕೆ ಮತ ಹಾಕುವುದು ಅಭಿಮಾನಿಗಳೇ, ವಿಶ್ವ ಸಮ್ಮೇಳನದ ಸದಸ್ಯರು. 1993ರಲ್ಲಿ ದೊಡ್ಡ ದೊಡ್ಡ ಸಿನಿಮಾಗಳು ಸ್ಪರ್ಧೆಯಲ್ಲಿದ್ದರೂ ಆ ಪ್ರಶಸ್ತಿ ಈ ಒಂದು ಕಂತಿಗೆ ಬಂತು. ಸ್ಟಾರ್ ಟ್ರೆಕ್‌ಗೆ ಅದಕ್ಕೂ ಮುಂಚೆ ಬಂದದ್ದು 1968ರಲ್ಲಿ.

ಇನ್ನೊಂದು ಲೆಕ್ಕ ಆ ಕೊಳಲಿನದ್ದು. 2006ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನವರು ಸ್ಟಾರ್ ಟ್ರೆಕ್‌ನ ಸಾಮಾನುಗಳನ್ನು ಹರಾಜು ಹಾಕಿದರು. ಕೊಳಲು ಸಾವಿರ ಡಾಲರ್ ಆಸುಪಾಸಿಗೆ ಹೋಗಬಹುದು ಅಂತ ಅಂದಾಜು ಮಾಡಿದ್ದರು. ಹೋದದ್ದು 48,000 ಡಾಲರಿಗೆ. ಅದು ಊದಿದರೆ ಸ್ವರ ಬರುವ ಕೊಳಲೇ ಅಲ್ಲ, ಚಿತ್ರೀಕರಣಕ್ಕೆ ಅಂತ ಮಾಡಿದ ಬರೀ ಆಕಾರ. ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ಮಕ್ಕಳಿಗೆ ಕೊಡಿಸುವ ಕೊಳಲಾದರೂ ಪೀ ಅನ್ನುತ್ತದೆ. ಹಣ ಇದ್ದವರ ಶೋಕಿ ಅಂತ ಕೆಲವರು ಹೇಳಬಹುದು. ನನಗೆ ಹಾಗೆ ಅನಿಸುವುದಿಲ್ಲ. ತೀರಿಹೋದವರ ಕನ್ನಡಕವನ್ನು ನಾವು ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಹಾಕಿಕೊಂಡು ನೋಡಲಿಕ್ಕಾ ಅದು?

ಸಿಟ್ಟಿನವರಲ್ಲಿ ಮೂರ್ನಾಲ್ಕು ಬಗೆ. ಕಂತಿನಲ್ಲಿ ಕಟಾನ್‌ನ ಸೂರ್ಯ ನೋವಾ ಆಗಿ, ಅಂದರೆ ಥಟ್ಟನೆ ಉರಿದು, ಸಿಡಿದ ಅಂತ ಬರುತ್ತದೆ. ವಿಜ್ಞಾನದವರು ಹೇಳುವುದು, ಒಂಟಿ ಸೂರ್ಯ ಹಾಗೆ ಸಿಡಿಯುವುದಿಲ್ಲ ಅಂತ. ಅದು ಸರಿ. ನೋವಾ ಆಗಲಿಕ್ಕೆ ಜೋಡಿ ನಕ್ಷತ್ರ ಬೇಕು, ಅದರಲ್ಲಿ ಒಂದು ಶ್ವೇತಕುಬ್ಜ, ಅಂದರೆ ಉರಿದು ಮುಗಿದ ಸಣ್ಣ ನಕ್ಷತ್ರ ಆಗಿರಬೇಕು, ಅದು ಪಕ್ಕದ್ದರ ಅನಿಲ ಎಳೆದುಕೊಂಡು ಮೈಮೇಲೆ ಸ್ಫೋಟ ಆಗಬೇಕು. ಇನ್ನು ಕೆಲವರು, 40 ವರ್ಷವನ್ನು 25 ನಿಮಿಷದಲ್ಲಿ ತಲೆಗೆ ತುಂಬುವ ಯಂತ್ರ ಮಾಡಲು ಬರುವ ಜನಕ್ಕೆ ನಾಲ್ಕು ಮಕ್ಕಳನ್ನು ಕೂರಿಸಿ ಕಳಿಸುವ ಹಡಗು ಮಾಡಲು ಬರಲಿಲ್ವಾ ಅಂತ ಕೇಳುತ್ತಾರೆ. ಒಳ್ಳೇ ಪ್ರಶ್ನೆ, ಕಂತಿನಲ್ಲಿ ಉತ್ತರ ಇಲ್ಲ.

ಮೂರನೆಯವರದ್ದು ಇನ್ನೂ ಗಟ್ಟಿ ಪ್ರಶ್ನೆ. ಕೇಳದೆ ಒಬ್ಬನ ತಲೆಗೆ ಹೀಗೆ ಒಂದು ಜೀವನ ತುಂಬಿಸಬಹುದಾ? ಕಿರಣವನ್ನು ನಡುವೆ ತಡೆದಾಗ ಅವನ ಜೀವವೇ ಹೋಗುವ ಹಾಗಾಗುತ್ತದೆ, ಅಷ್ಟು ಅಪಾಯ ಇತ್ತು. ನನಗೂ ಇದು ಅನ್ಯಾಯ ಅಂತಲೇ ಕಾಣುತ್ತದೆ. ಆದರೂ ರೆಸಿಕ್‌ನವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಸಾಯುತ್ತಿರುವ ಒಂದು ಇಡೀ ಊರು ಸಾವಿರ ವರ್ಷ ಆಚೆ ಇರುವ ಯಾರೋ ಒಬ್ಬನ ಹತ್ತಿರ ಒಪ್ಪಿಗೆ ಕೇಳುವುದಾದರೂ ಹೇಗೆ?

ಕೊನೆಯ ಸಿಟ್ಟು ನನ್ನದು. ಅದಕ್ಕೆ ಅಮ್ಮನ ವಿಷಯ ಹೇಳಬೇಕು.

ಈ ಕಂತನ್ನು ಅಮ್ಮನ ಜೊತೆ ನೋಡಿದ್ದೇನೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಾ ನೋಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಅಲ್ಲಲ್ಲಿ ಅರ್ಥ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅರ್ಥ ಬೇಕಾಗಲೇ ಇಲ್ಲ. ಎಲೀನ್ ಸಾಯುವ ಹೊತ್ತಿಗೆ ಅಮ್ಮನ ಕೈ ನಿಂತಿತು. ಸುತ್ತಿದ ಎಲೆ ಬೆರಳಿನಲ್ಲೇ ಮೆಲ್ಲ ಬಿಚ್ಚಿಕೊಂಡಿತು, ಹೊಗೆಸೊಪ್ಪು ತಡ್ಪೆಗೆ ಉದುರಿತು. ನೂಲು ಇನ್ನೊಂದು ಕೈಯಲ್ಲಿ ಹಾಗೇ ಇತ್ತು. ಕೊಳಲು ನುಡಿಸಿ ಎಲ್ಲ ಮುಗಿದ ಮೇಲೆ ಅವರು ನನ್ನನ್ನು ಕೇಳಿದರು, ತುಳುವಿನಲ್ಲಿ ಕೇಳಿದ್ದು, ಕನ್ನಡದಲ್ಲಿ ಹೇಳುತ್ತೇನೆ: "ಇವ ನಾಳೆ ಹೇಗೆ ಕೆಲಸಕ್ಕೆ ಹೋಗ್ತಾನೆ?"

ನೋಡಿ, ಅಭಿಮಾನಿಗಳ ದೊಡ್ಡ ತಕರಾರು ಇದೇ. ಜಗತ್ತಿನ ಬೇರೆ ಬೇರೆ ಮೂಲೆಯಲ್ಲಿ ಕೂತವರು ಇದನ್ನೇ ಕೇಳಿದ್ದಾರೆ. ಹೆಂಡತಿ, ಮಕ್ಕಳು, ಮೊಮ್ಮಗ, ಊರು, ಎಲ್ಲವನ್ನೂ ಒಂದೇ ಸಲ ಕಳಕೊಂಡವ ಮುಂದಿನ ಕಂತಿನಲ್ಲಿ ಏನು ಮಾಡುತ್ತಾನೆ? ಮುಂದಿನ ಕಂತು 'ಟೈಮ್ಸ್ ಆ್ಯರೋ'. ಸ್ಯಾನ್ ಫ್ರಾನ್ಸಿಸ್ಕೋದ ನೆಲದಡಿಯ ಗುಹೆಯಲ್ಲಿ ಡೇಟಾ ಎಂಬ ಯಂತ್ರಮಾನವನ ತಲೆ ಸಿಗುತ್ತದೆ, ಎಲ್ಲರೂ ಅದರ ಹಿಂದೆ ಹೋಗುತ್ತಾರೆ. ಕಟಾನ್ ಬಗ್ಗೆ ಒಂದು ಮಾತಿಲ್ಲ.

ಯಾಕೆ ಹೀಗೆ ಅಂದರೆ, ಈ ಧಾರಾವಾಹಿಯನ್ನು ಊರೂರಿನ ಬೇರೆ ಬೇರೆ ಟಿವಿ ಕೇಂದ್ರಗಳಿಗೆ ಮಾರುತ್ತಿದ್ದರು. ಮರುಪ್ರಸಾರದಲ್ಲಿ ಯಾವ ಕಂತನ್ನು ಯಾವಾಗ ಹಾಕಿದರೂ ನಡೆಯಬೇಕಿತ್ತು. ಹಾಗಾಗಿ ಪ್ರತಿ ವಾರ ಎಲ್ಲ ಮೊದಲಿನ ಹಾಗೆ ಆಗಿಬಿಡಬೇಕು. ಆದರೆ ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ ಅಂತಲೂ ಅಲ್ಲ. 1990ರಲ್ಲಿ ಇದೇ ಪಿಕಾರ್ಡ್‌ನನ್ನು ಬೋರ್ಗ್ ಎಂಬ ಶತ್ರುಗಳು ಹಿಡಿದು ಹಿಂಸೆ ಕೊಟ್ಟಾಗ, ಅದು ಮುಗಿದ ಮೇಲಿನ ಕಂತನ್ನು ಮುಖ್ಯವಾಗಿ ಅವನು ಫ್ರಾನ್ಸಿನ ಮನೆಗೆ ಹೋಗುವುದಕ್ಕೇ ಇಟ್ಟಿದ್ದರು. ದ್ರಾಕ್ಷಿ ತೋಟದ ಕೆಸರಿನಲ್ಲಿ ಅಣ್ಣನ ಜೊತೆ ಹೊಡೆದಾಡಿ, ಅಲ್ಲೇ ಕೂತು ಅತ್ತುಬಿಡುತ್ತಾನೆ. ಅದನ್ನು ನೋಡಿದವರು ಇಲ್ಲಿ ಯಾಕೆ ಇಲ್ಲ ಅಂತ ಕೇಳದೆ ಇರುತ್ತಾರಾ? ಧಾರಾವಾಹಿಯ ಬರಹಗಾರರಲ್ಲಿ ಒಬ್ಬರಾದ ರೊನಾಲ್ಡ್ ಡಿ. ಮೂರ್ ಆಮೇಲೆ ಇದನ್ನು ಒಪ್ಪಿಕೊಂಡರು. ಅದು ಪಿಕಾರ್ಡ್‌ನ ಜೀವನವನ್ನೇ ಬದಲಾಯಿಸಬೇಕಾದ ಅನುಭವ, ಆದರೆ ಒಂದು ಗಂಟೆಯ ಒಳ್ಳೇ ಕಂತು ಮಾಡುವ ಗಡಿಬಿಡಿಯಲ್ಲಿ ನಮಗೆ ಅದು ಹೊಳೆಯಲಿಲ್ಲ ಎಂಬ ಅರ್ಥದಲ್ಲಿ ಹೇಳಿದರು. ಮರುವರ್ಷ 'ಲೆಸನ್ಸ್' ಎಂಬ ಕಂತಿನಲ್ಲಿ ಆ ಕೊಳಲು ಮತ್ತೆ ಹೊರಗೆ ಬಂತು. ಅಲ್ಲಿ ಅವನು ಒಬ್ಬ ಸಂಗೀತ ಬಲ್ಲ ಹೆಂಗಸಿನ ಹತ್ತಿರ ಆ ಊರಿನ ಕತೆ ಹೇಳಿಕೊಳ್ಳುತ್ತಾನೆ.

ಅಮ್ಮನಿಗೆ ನಾನು, ಹೋಗ್ತಾನೆ ಅಮ್ಮಾ, ಮರುದಿನವೇ ಕೆಲಸಕ್ಕೆ ಹೋಗ್ತಾನೆ ಅಂದೆ. ಅವರು ಆಶ್ಚರ್ಯಪಡಲಿಲ್ಲ. "ಹೋಗ್ಲೇಬೇಕಲ್ಲ" ಅಂದರು. ಅಪ್ಪ ತೀರಿಕೊಂಡಾಗ ಬೊಜ್ಜ, ಅಂದರೆ ಉತ್ತರಕ್ರಿಯೆ, ಕಳೆದ ಮರುದಿನ ಅಮ್ಮ ಎಲೆ ಕತ್ತರಿಸಲು ಕೂತಿದ್ದರು. ನನಗೆ ಆಗ ಸಿಟ್ಟು ಬಂದಿತ್ತು, ಸಣ್ಣವನು, ಅರ್ಥ ಆಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಮತ್ತೆ ಕೇಳಿದರು: "ಅಲ್ಲಿ ಯಾರಾದ್ರೂ ಅವನ ಹತ್ತಿರ, ನಿನ್ನ ಹೆಂಡತಿ ಹೆಸರು ಏನು ಅಂತ ಕೇಳಿದ್ರಾ?"

ಇಲ್ಲ. ಆ ಕಂತಿನಲ್ಲಿ ಹಡಗಿನ ಒಬ್ಬರೂ ಕೇಳುವುದಿಲ್ಲ. ಪೆಟ್ಟಿಗೆ ಕೊಟ್ಟು ಹೋಗುತ್ತಾರೆ. ನಮ್ಮ ಮನೆಗೆ ಆಗ ಪಕ್ಕದ ಮನೆಯ ದೊಡ್ಡಮ್ಮ ದಿನಾ ಸಂಜೆ ಬರುತ್ತಿದ್ದರು. ಏನೂ ಸಮಾಧಾನ ಹೇಳುತ್ತಿರಲಿಲ್ಲ. ಅಮ್ಮನ ಎದುರು ಕೂತು ತಾವೂ ನಾಲ್ಕು ಬೀಡಿ ಸುತ್ತುತ್ತಾ, ಅಪ್ಪನ ಒಂದೊಂದು ಹಳೇ ವಿಷಯ ಕೇಳುತ್ತಿದ್ದರು. ನನಗೆ ಕಾಣುವುದು, ಇಷ್ಟು ವರ್ಷ ಈ ಕಂತಿನ ಅಭಿಮಾನಿಗಳು ಮಾಡಿದ್ದು ಆ ದೊಡ್ಡಮ್ಮ ಮಾಡಿದ ಕೆಲಸ. ಧಾರಾವಾಹಿ ಮುಂದೆ ಹೋಯಿತು, ನೋಡಿದವರು ಹೋಗಲಿಲ್ಲ. ಮೆರಿಬೋರ್ ಆ ಹುಡುಗನನ್ನು ಮದುವೆ ಆದಳಾ, ಆ ಮರ ಉಳಿಯಿತಾ, ಕೊಳಲಿನ ಧಾಟಿ ಯಾವುದು ಅಂತ ಕೇಳುತ್ತಲೇ ಇದ್ದಾರೆ. ಅದನ್ನು ಪಿಯಾನೋದಲ್ಲಿ, ಗಿಟಾರಿನಲ್ಲಿ, ನಿಜವಾದ ಕೊಳಲಿನಲ್ಲಿ ನುಡಿಸುತ್ತಾರೆ. ಸಿಟ್ಟು ಮಾಡಿಕೊಂಡವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಮರೆತವರಿಗೆ ಸಿಟ್ಟು ಬರುವುದಿಲ್ಲ.

ಅಂದ ಹಾಗೆ, ಕಂತಿನ ಹೆಸರು ಬಂದದ್ದು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಬರೆದ ಒಂದು ಹಾಡಿನಿಂದ. ಅದರ ವಾದ್ಯಗಳನ್ನು 1968ರ ಜನವರಿಯಲ್ಲಿ ಮುಂಬೈಯಲ್ಲಿ ಧ್ವನಿಮುದ್ರಣ ಮಾಡಿದ್ದು, ನಮ್ಮ ದೇಶದ ಕಲಾವಿದರೇ ನುಡಿಸಿದ್ದು. ಅದರಲ್ಲೂ ಬಾನ್ಸುರಿ ಉಂಟು.

ಇನ್ನೊಂದೇ ವಿಷಯ. ರೆಸಿಕ್‌ನವರ ಹಾಗೆ ನಾವೂ ಒಂದು ಯಂತ್ರ ಕಳಿಸಿದ್ದೇವೆ. ವಾಯೇಜರ್, 1977. ಎರಡು ನೌಕೆ, ಎರಡರಲ್ಲೂ ಚಿನ್ನದ ಲೇಪದ ಒಂದೊಂದು ಗ್ರಾಮಫೋನ್ ತಟ್ಟೆ. ಅದರಲ್ಲಿ ಕೇಸರಬಾಯಿ ಕೇರ್ಕರ್ ಅವರು ಹಾಡಿದ ಭೈರವಿ ಉಂಟು, 55 ಭಾಷೆಗಳಲ್ಲಿ ಶುಭಾಶಯ ಉಂಟು. ಆ 55ರಲ್ಲಿ ಕನ್ನಡವೂ ಒಂದು. ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು, ಅಷ್ಟೇ ಮಾತು. ವಾಯೇಜರ್ 1 ಈಗ ಸುಮಾರು 2,500 ಕೋಟಿ ಕಿಲೋಮೀಟರ್ ಆಚೆ ಇದೆ. ಇದನ್ನು ಹೇಳಿದಾಗ ಅಮ್ಮ, ಅದರಲ್ಲಿ ತುಳು ಇಲ್ವಾ ಅಂತ ಕೇಳಿದರು. ಇಲ್ಲ ಅಂದೆ. ಅವರಿಗೆ ಅದು ಬೇಸರ ಆಯಿತು, ಇವತ್ತಿಗೂ ಉಂಟು ಆ ಬೇಸರ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದವರು ಕೇಳಬಹುದು. ಅಮ್ಮ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತಿದ್ದಾರೆ. ಮೈಕ್ ಮೊದಲು ಅವರಿಗೆ ಕೊಡಿ.