ಚುಚ್ಚಿಸಿಕೊಳ್ಳದವರ ಲೆಕ್ಕ

ಅಧ್ಯಕ್ಷರೇ, ಗೆಳೆಯರೇ,

ಲಸಿಕೆ ವಿಜ್ಞಾನಿ ವಾಲ್ಡೆಮರ್ ಹಾಫ್‌ಕಿನ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. 1892ರ ಜುಲೈ 18ರಂದು ಪ್ಯಾರಿಸ್ಸಿನಲ್ಲಿ ಕಾಲರಾ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡವರು. ಆ ಧೈರ್ಯದ ಕಥೆ ಎಲ್ಲರಿಗೂ ಬಾಯಿಪಾಠ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಆ ಮನುಷ್ಯನ ಲೆಕ್ಕ.

1894ರ ಕಲ್ಕತ್ತಾ. ಹತ್ತು ವರ್ಷ ಹಿಂದೆಯೇ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಅದೇ ಊರಿನ ಕೊಳದ ನೀರಿನಲ್ಲಿ ಕಾಲರಾ ರೋಗಾಣು ಇದೆ ಎಂದು ತೋರಿಸಿದ್ದರು. ಆದರೂ ಸರ್ಕಾರಿ ವೈದ್ಯರಲ್ಲಿ ಎಷ್ಟೋ ಮಂದಿ ಇನ್ನೂ ಕೆಟ್ಟ ಗಾಳಿಯನ್ನೇ ಬೈಯುತ್ತಿದ್ದರು. ಮೇಲಾಗಿ ಹಾಫ್‌ಕಿನ್ ಡಾಕ್ಟರೇ ಅಲ್ಲ, ಪ್ರಾಣಿಶಾಸ್ತ್ರ ಓದಿದವರು! ಮುಂದಿನ ಸಾಲಿನ ಡಾಕ್ಟರುಗಳು ನಗುತ್ತಿದ್ದಾರೆ, ಇರಲಿ.

ಊರಿನ ಆರೋಗ್ಯಾಧಿಕಾರಿ ಸಿಂಪ್ಸನ್, ಹಾಫ್‌ಕಿನ್ ಅವರನ್ನು ಕರೆಸಿಕೊಂಡರು. ಕಟ್ಟಲ್ ಬಾಗಾನ್ ಎಂಬ ಗುಡಿಸಲು ಕೇರಿ. ಸುತ್ತಲೂ ಮಣ್ಣಿನ ಮನೆಗಳು, ನಡುವೆ ಒಂದು ಕೊಳ. ಕುಡಿಯುವುದಕ್ಕೂ ಅದೇ, ತೊಳೆಯುವುದಕ್ಕೂ ಅದೇ. ಅಲ್ಲಿಗೆ ಬಿಳಿಯ ಸಾಹೇಬನೊಬ್ಬ ಸೂಜಿ ಹಿಡಿದು ಬಂದರೆ ಯಾರು ಪಕ್ಕೆ ಒಡ್ಡುತ್ತಾರೆ? ಹೌದು, ಚುಚ್ಚುತ್ತಿದ್ದದ್ದು ಪಕ್ಕೆಗೆ. ಆಮೇಲೆ ನೋವು, ಜ್ವರ. ದಿನಗೂಲಿಯವನಿಗೆ ಜ್ವರ ಎಂದರೆ ಕೂಲಿಯೂ ಹೋಯಿತು. ಅದಕ್ಕೇ ಜೊತೆಗಿದ್ದ ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ವೈದ್ಯರು ನನಗೆ ಮುಖ್ಯ. ಜನರ ಮಾತಿನಲ್ಲೇ ಜನರೊಂದಿಗೆ ಮಾತಾಡಬಲ್ಲವರು. ಹಾಫ್‌ಕಿನ್ ಎಲ್ಲರೆದುರು ತಮಗೇ ಚುಚ್ಚಿಕೊಂಡು ತೋರಿಸುತ್ತಿದ್ದರು. ಸರ್ಕಾರಿ ಆಜ್ಞೆಯ ಬಲ ಇರಲಿಲ್ಲ, ಒಪ್ಪಿದವರಿಗೆ ಮಾತ್ರ ಲಸಿಕೆ.

ಕೇರಿಯ ಸುಮಾರು 200 ಜನರಲ್ಲಿ 116 ಮಂದಿ ಒಪ್ಪಿದರು. ಆಮೇಲೆ ಅಲ್ಲಿ ಇನ್ನೂ 10 ಜನರಿಗೆ ಕಾಲರಾ ಬಂತು, 7 ಮಂದಿ ಸತ್ತರು. ಹತ್ತೂ ಜನ ಚುಚ್ಚಿಸಿಕೊಳ್ಳದವರು.

ಈಗ ನನ್ನ ಹಳೇ ವಾದಕ್ಕೆ ಬಂದೆ. ಬೇರೆ ಯಾರಾದರೂ ಆಗಿದ್ದರೆ 116ರ ಸಂಖ್ಯೆ ಹಿಡಿದು ಬೀಗುತ್ತಿದ್ದರು. ಹಾಫ್‌ಕಿನ್ ಒಲ್ಲೆ ಎಂದವರನ್ನೂ ಎಣಿಸಿದರು. ಒಂದೇ ಕೇರಿ, ಒಂದೇ ನೀರು, ಕೆಲವರಿಗೆ ಲಸಿಕೆ, ಕೆಲವರಿಗಿಲ್ಲ. ಹೋಲಿಸಲು ಇನ್ನೇನು ಬೇಕು? ಎಚ್ಚರದ ಜನವೇ ಲಸಿಕೆಗೆ ಬಂದಿರಬಹುದಲ್ವಾ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಹತ್ತು ಜನರ ಲೆಕ್ಕ ಚಿಕ್ಕದು ಎಂಬುದೂ ನಿಜ. ಆದರೆ ಒಲ್ಲೆ ಎಂದವರ ಲೆಕ್ಕ ಇಟ್ಟಿದ್ದರಿಂದಲೇ ಈ ಪ್ರಶ್ನೆ ಕೇಳಲಿಕ್ಕೆ ಸಾಧ್ಯವಾಯಿತು. ಇವತ್ತಿಗೂ ಲಸಿಕೆ ಶಿಬಿರದ ಬ್ಯಾನರಿನಲ್ಲಿ ಹಾಕಿಸಿಕೊಂಡವರ ಸಂಖ್ಯೆಯೇ ದಪ್ಪಕ್ಷರದಲ್ಲಿ ಇರುತ್ತದೆ. ಬಾರದವರು ಯಾಕೆ ಬರಲಿಲ್ಲ ಎಂಬುದು ಅಲ್ಲಿ ಕಾಣುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಹಾಫ್‌ಕಿನ್ ಲಸಿಕೆ ಹಾಕಿದ ಕಥೆಯನ್ನು ಬಿಟ್ಟೆ. 1895ರಲ್ಲಿ ಕಾಯಿಲೆ ಬಿದ್ದು ಯುರೋಪಿಗೆ ಹೋದದ್ದನ್ನೂ ಬಿಟ್ಟೆ. ಮರುವರ್ಷ ವಾಪಸ್ ಬಂದರು, ಅಷ್ಟರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. 1897ರ ಜನವರಿ 10ರಂದು ಹೊಸ ಲಸಿಕೆ, ಮತ್ತೆ ಮೊದಲು ತಮ್ಮ ಮೈಗೇ. ಆಮೇಲೆ ಬೈಕುಲ್ಲಾ ಜೈಲಿನ ಕೈದಿಗಳು. ಅಲ್ಲೂ ಒಪ್ಪದವರ ಲೆಕ್ಕ ಇಟ್ಟರು. ಆದರೆ ಜೈಲಿನೊಳಗೆ ‘ಒಪ್ಪಿಗೆ’ ಎಂದರೆ ಏನು? ಅದನ್ನು ಪ್ರಶ್ನೋತ್ತರದಲ್ಲಿ ನೀವೇ ಎತ್ತಿ, ಆಗ ಅಧ್ಯಕ್ಷರು ತಡೆಯುವಂತಿಲ್ಲ.