ನರೂಲಿ ಹಿಂದ ಬಿದ್ದ ವಿಜ್ಞಾನಿ: ಹರಾಲ್ಡ್ ಝುರ್ ಹೌಸನ್

[ಕ್ಯಾಮೆರಾ ನನ್ನ ಎಡಗೈ ಮೇಲೆ. ಹೆಬ್ಬೆರಳ ಪಕ್ಕ ಸಣ್ಣದೊಂದು ಬಿಳಿ ಕಲೆ.]

ನಮಸ್ಕಾರ್ರೀ. ಈ ಕಲಿ ಕಾಣಸ್ತೈತೇನ್ರಿ? ಇಲ್ಲೊಂದು ನರೂಲಿ ಇತ್ತು. ನಾನು ನಾಕನೇತ್ತಾ ಇದ್ದಾಗ ನಮ್ಮಜ್ಜಿ ಹುಬ್ಬಳ್ಳಿ ಸ್ಟೇಷನ್ ಮುಂದಿನ ಟಾಂಗಾದವನ ಕಡೆ ಕುದರಿ ಬಾಲದ್ದೊಂದು ಕೂದಲಾ ಇಸಗೊಂಡು ಬಂದು, ನರೂಲಿ ಬುಡಕ್ಕ ಬಿಗಿದು ಕಟ್ಟಿದ್ಲು. ಎಂಟ ದಿನದಾಗ ಕರ್ರಗಾಗಿ ಉದುರಿ ಬಿತ್ತು. ನಮ್ಮ ಕಡೆ ನರೂಲಿ ಅಂದ್ರ ಅಷ್ಟ. ಅದಕ್ಕ ಡಾಕ್ಟರ್ ಯಾಕ ಬೇಕು ಅಂತಾರ.

ಜರ್ಮನಿಯೊಳಗ ಒಬ್ಬರು ಇದ ನರೂಲಿ ಹಿಂದ ಬಿದ್ದು ಹತ್ತು ವರ್ಷಕ್ಕಿಂತ ಹೆಚ್ಚು ದುಡಿದ್ರು. ದುಡಿದು, ಹೆಣ್ಣಮಕ್ಕಳ ಗರ್ಭಕಂಠದ ಕ್ಯಾನ್ಸರಿಗೆ ಮೂಲ ಯಾವುದು ಅಂತ ಹಿಡಿದ್ರು. ಗರ್ಭಕಂಠ ಅಂದ್ರ ಗರ್ಭಚೀಲದ ಬಾಯಿ. ಅವರ ಹೆಸರು ಹರಾಲ್ಡ್ ಝುರ್ ಹೌಸನ್.

[ಹಳೆಯ ಗೆಲ್ಸೆನ್‌ಕಿರ್ಷೆನ್ ಊರಿನ ಚಿತ್ರ]

ಹುಟ್ಟಿದ್ದು 1936ರಾಗ, ಗೆಲ್ಸೆನ್‌ಕಿರ್ಷೆನ್ ಅನ್ನೋ ಕಲ್ಲಿದ್ದಲ ಊರಾಗ. ಯುದ್ಧದಾಗ ಆ ಊರಿನ ಮ್ಯಾಲೆ ಬಾಂಬ್ ಬಿದ್ದದ್ದಕ್ಕ ಲೆಕ್ಕ ಇಲ್ಲ. ಸಾಲಿ ಮುಚ್ಚಿದ್ವು. ಅಂಥಾದ್ರಾಗ ಬೆಳೆದ ಹುಡುಗ 1960ರಾಗ ಡಾಕ್ಟರಕಿ ಮುಗಿಸಿದ. ಮುಂದ ಅಮೆರಿಕಾದ ಫಿಲಡೆಲ್ಫಿಯಾಕ್ಕ ಹೋಗಿ ವೈರಸ್ ಕೆಲಸ ಕಲಿತು ತಿರುಗಿ ಬಂದ್ರು. ಎಪ್‌ಸ್ಟೀನ್-ಬಾರ್ ವೈರಸ್ಸಿನ ಡಿಎನ್‌ಎ ಒಂದು ಥರದ ಗಡ್ಡಿಯ ಕೋಶದೊಳಗ ಅಡಗಿ ಕೂತಿರ್ತೈತಿ ಅಂತ 1970ರಾಗ ತೋರಿಸಿದ್ರು. ವೈರಸ್ ಕಣ್ಣಿಗೆ ಕಾಣದಿದ್ರೂ ಅದರ ಡಿಎನ್‌ಎ ಕೋಶದಾಗ ಉಳೀಬಹುದು. ಮುಂದಿನ ಎಲ್ಲಾ ಕೆಲಸಕ್ಕ ಇದ ಮಾತು ತಳಪಾಯ ಆತು.

ಆಗ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲಾ ಗರ್ಭಕಂಠದ ಕ್ಯಾನ್ಸರಿಗೆ ಹರ್ಪಿಸ್ ವೈರಸ್ ಕಾರಣ ಅಂತ ನಂಬಿದ್ರು. ಝುರ್ ಹೌಸನ್ ಗಡ್ಡಿ ತಗೊಂಡು ಹುಡುಕಿದ್ರು, ಹರ್ಪಿಸ್ಸಿನ ಸುಳಿವು ಸಿಗಲಿಲ್ಲ. 1974ರಾಗ ಫ್ಲೋರಿಡಾದ ಒಂದು ಸಭಾದಾಗ ಎದ್ದು ನಿಂತು ಅದನ್ನ ಹೇಳಿದ್ರು. ಸಭಾ ಗಪ್‌ಚಿಪ್. ಒಬ್ಬರೂ ನಂಬಲಿಲ್ಲ. ಮೂವತ್ತೆಂಟು ವರ್ಷದ ಮನಷ್ಯಾ, ತನ್ನ ಪೈಕಿಯ ಎಲ್ಲಾರೂ ಒಂದು ಕಡೆ, ತಾನೊಬ್ಬನ ಇನ್ನೊಂದು ಕಡೆ. ನನಗ ಅವರ ನೊಬೆಲ್‌ಗಿಂತ ಈ ದಿನ ದೊಡ್ಡದು ಅನಸ್ತೈತಿ.

[ಬಿಳಿ ಹಲಗೆ. ಎರಡು ಎಳೆಯ ಏಣಿ ಬಿಡಿಸುತ್ತೇನೆ.]

ಮತ್ತ ಅವರು ಹಿಡಿದದ್ದು ಯಾವ ಎಳಿ? ನರೂಲಿ. ಗುಪ್ತಾಂಗದ ಮ್ಯಾಲಿನ ನರೂಲಿ ಒಮ್ಮೊಮ್ಮೆ ಕ್ಯಾನ್ಸರ್ ಆಗಿ ತಿರುಗಿದ್ದು ಹಳೇ ವೈದ್ಯಕೀಯ ವರದಿಗಳಾಗ ಇತ್ತು. ಅಂಗಾಲಿನ ನರೂಲಿ ತರಿಸಿ, ಅದರೊಳಗಿನ ವೈರಸ್ಸಿನ ಡಿಎನ್‌ಎ ತಗದ್ರು. ಡಿಎನ್‌ಎ ಅಂದ್ರ ಪ್ಯಾಂಟಿನ ಝಿಪ್ ಇದ್ದಂಗ, ಎರಡು ಎಳಿ. ಬಿಚ್ಚಿ ಒಂದು ಎಳಿ ಬಿಟ್ರ, ತನ್ನ ಜೋಡಿ ಸಿಕ್ಕಲ್ಲೆ ಹೋಗಿ ಹಲ್ಲಿಗೆ ಹಲ್ಲು ಕೂಡ್ತೈತಿ. ಆ ಎಳಿ ಬ್ಯಾರೆ ಬ್ಯಾರೆ ನರೂಲಿಗೆ ಹಚ್ಚಿ ನೋಡಿದ್ರು. ಕೆಲವಕ್ಕ ಕೂಡ್ತು, ಕೆಲವಕ್ಕ ಕೂಡಲಿಲ್ಲ. ಹಂಗಂದ್ರ ಎಲ್ಲಾ ನರೂಲಿಗೂ ಒಂದ ವೈರಸ್ ಅಲ್ಲ, ಒಂದು ದೊಡ್ಡ ಬಳಗನ ಐತಿ! ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಚ್‌ಪಿವಿ. ಇವತ್ತಿಗೆ ಅದರಾಗ 200ಕ್ಕಿಂತ ಹೆಚ್ಚು ಜಾತಿ ಗೊತ್ತದಾವ. ಕೈಮ್ಯಾಲಿನ ನರೂಲಿ ಕ್ಯಾನ್ಸರ್ ಆಗೂದಿಲ್ಲ, ಹೆದರಬ್ಯಾಡ್ರಿ. ಆ ಜಾತಿನ ಬ್ಯಾರೆ.

ಕ್ಯಾನ್ಸರಿನ ಜಾತಿ ಸಿಕ್ಕಿದ್ದು 1983ರಾಗ, ಎಚ್‌ಪಿವಿ 16. ಮರುವರ್ಷ ಎಚ್‌ಪಿವಿ 18. ಜಗತ್ತಿನ ಗರ್ಭಕಂಠದ ಕ್ಯಾನ್ಸರಿನಾಗ ನೂರಕ್ಕ ಸುಮಾರು 70 ಈ ಎರಡರದ್ದ ಕೆಲಸ. 1951ರಾಗ ಇದ ಕ್ಯಾನ್ಸರಿನಿಂದ ತೀರಿಕೊಂಡ ಅಮೆರಿಕಾದ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಹೆಣ್ಣಮಗಳ ಕೋಶಗಳನ್ನ ಜಗತ್ತಿನ ಲ್ಯಾಬುಗಳಾಗ ಬೆಳಸ್ತಿದ್ರು. ಅದರೊಳಗೂ 18 ಕೂತಿತ್ತು. ಮೂವತ್ತು ವರ್ಷ ಎಲ್ಲಾರ ಕಣ್ಣ ಮುಂದ ಇದ್ದದ್ದು ಯಾರಿಗೂ ಕಂಡಿರಲಿಲ್ಲ.

ಗುರುತು ಹತ್ತಿದ ಮ್ಯಾಲೆ ಲಸಿಕೆ ಮಾಡ್ರಿ ಅಂತ ಔಷಧ ಕಂಪನಿ ಕಡೆ ಹೋದ್ರು. ಇದಕ್ಕ ಮಾರ್ಕೆಟ್ ಇಲ್ಲ ಅಂದು ಕಳಿಸಿದ್ರು. ಲಸಿಕೆಗೆ ಒಪ್ಪಿಗಿ ಸಿಕ್ಕಿದ್ದು 2006ರಾಗ. ಇಪ್ಪತ್ತು ವರ್ಷ, ಕೈಯಾಗಿದ್ದ ವರ್ಷ!

[ಅಂಗೈಯಲ್ಲಿ ಒಂದು ಶೇಂಗಾ ಕಾಯಿ. ಒಡೆಯುತ್ತೇನೆ, ಒಳಗೆ ಏನೂ ಇಲ್ಲ.]

ಈ ಲಸಿಕೆ ಜೊಳ್ಳ ಶೇಂಗಾ ಇದ್ದಂಗ್ರಿ. ಹೊರಗಿನ ಸಿಪ್ಪಿ ವೈರಸ್ಸಿನ ಸಿಪ್ಪಿ ಥರಾನ, ಒಳಗ ಕಾಳು ಇಲ್ಲ. ಬಿತ್ತಿದ್ರೂ ಹುಟ್ಟೂದಿಲ್ಲ. ಆದ್ರ ನಮ್ಮ ಮೈ ಆ ಸಿಪ್ಪಿ ನೋಡಿ ಗುರುತು ಇಟ್ಟಕೋತೈತಿ, ಮುಂದ ಖರೇ ವೈರಸ್ ಬಂದಾಗ ಬಾಗಲದಾಗ ತಡೀತೈತಿ. ಅದಕ್ಕ ವೈರಸ್ ತಗಲೂಕಿಂತ ಮೊದಲ, 9ರಿಂದ 14ರ ವಯಸ್ಸಿನಾಗ ಹಾಕಸೂದು ಛಲೋ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಅನ್ನೋ ಲಸಿಕೆ ನಮ್ಮ ದೇಶದ್ದ. ಗಂಡಹುಡುಗರಿಗೂ ಹಾಕ್ರಿ, ವೈರಸ್ ದಾಟಿಸೋರೊಳಗ ಅವರೂ ಅದಾರ ಅಂತ ಝುರ್ ಹೌಸನ್ ಕಡೀತನಕ ಹೇಳ್ತಿದ್ರು. 2008ರ ನೊಬೆಲ್‌ದಾಗ ಅರ್ಧ ಅವರದ್ದು, ಉಳಿದರ್ಧ ಎಚ್‌ಐವಿ ಕಂಡುಹಿಡಿದ ಇಬ್ಬರದ್ದು. ತೀರಿಕೊಂಡದ್ದು 2023ರಾಗ.

[ಕ್ಯಾಮೆರಾ ನನ್ನ ಮುಖಕ್ಕೆ. ಹಿನ್ನೆಲೆ ಸಂಗೀತ ಬೇಡ.]

ಇದನ್ನ ಯಾಕ ಹೇಳಾಕತ್ತೇನಿ ಅಂದ್ರ, ನಮ್ಮ ಚಿಗವ್ವ. ನವಲಗುಂದದ ಕಡೆ ಹಳ್ಳಿ. ಮುಟ್ಟು ನಿಂತು ಮೂರು ವರ್ಷ ಆದಮ್ಯಾಲೆ ಮತ್ತ ರಕ್ತ ಕಾಣಿಸ್ತು. ಯಾರಿಗೂ ಹೇಳಲಿಲ್ಲ. ಎಂಟು ತಿಂಗಳು ಹಳೇ ಸೀರಿ ಹರಕೊಂಡು, ತೊಳಕೊಂಡು, ಹಿತ್ತಲದಾಗ ಯಾರಿಗೂ ಕಾಣದಂಗ ಒಣಗಸ್ತಿದ್ಲು. ನಮ್ಮವ್ವಗ ಗೊತ್ತಾಗಿದ್ದ ಆ ಬಟ್ಟಿ ನೋಡಿ. ಆಸ್ಪತ್ರಿಗೆ ಕರಕೊಂಡು ಹೋಗೂದ್ರಾಗ ರೋಗ ಭಾಳ ದೂರ ಹೋಗಿತ್ತು. “ಇಂಥಾದನ್ನ ಯಾರ ಮುಂದ ಹೇಳ್ಲೆಕ್ಕಾ?” ಅಂದಿದ್ಲಂತ.

2022ರ ಜಾಗತಿಕ ಲೆಕ್ಕದ ಪ್ರಕಾರ ಒಂದು ವರ್ಷಕ್ಕ ನಮ್ಮ ದೇಶದಾಗ ಈ ಕ್ಯಾನ್ಸರಿನಿಂದ ತೀರಿಕೊಂಡೋರು ಸುಮಾರು 80,000. ವೈರಸ್ ತಗಲಿ ಕ್ಯಾನ್ಸರ್ ಆಗಾಕ ಹೆಚ್ಚಾಗಿ 15-20 ವರ್ಷ ಹಿಡೀತೈತಿ. ಅಷ್ಟು ವರ್ಷದಾಗ ಆಗಾಗ ಪರೀಕ್ಷಾ ಮಾಡಿಸ್ಕೋತ ಇದ್ರ, ಆಗೂಕಿಂತ ಮೊದಲ ಸಿಗೋ ಸಾಧ್ಯತೆ ಹೆಚ್ಚು. ಲಸಿಕೆ ಚಿಗವ್ವನಂಥವರಿಗೆ ಅಲ್ಲ, ಅವರಿಗೆ ಬೇಕಾದ್ದು ಈ ಪರೀಕ್ಷಾ. 30 ದಾಟಿದ ಹೆಣ್ಣಮಕ್ಕಳಿಗೆ ಗರ್ಭಕಂಠಕ್ಕ ಆ್ಯಸಿಟಿಕ್ ಆ್ಯಸಿಡ್ ಹಚ್ಚಿ ನೋಡ್ತಾರ, ಬೆಳ್ಳಗ ಆದ್ರ ಮುಂದಿನ ತಪಾಸಣಿ. ಕೆಲವ ನಿಮಿಷದ ಕೆಲಸ.

ಈ ಸ್ಕ್ರಿಪ್ಟ್ ಬರದು ನಮ್ಮವ್ವನ ಮುಂದ ಓದಿದೆ. ಅಕಿ ಸೊಪ್ಪು ಸೋಸಕೋತ ಕೇಳಿದ್ಲು, ಏನೂ ಅನ್ನಲಿಲ್ಲ. ರಾತ್ರಿ ಊಟಾ ಆದಮ್ಯಾಲೆ, “ನಾಳಿ ಗಾಡಿ ತಗಿ, ನನ್ನೂ ತೋರಿಸಿಕೊಂಡ ಬರೂಣು” ಅಂದ್ಲು. ಹೋಗಿ ಬಂದ್ವಿ.