ಮೂರನೇ ತರಗತಿಯ ಗಣಿತ ಪುಸ್ತಕ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಇವತ್ತು ಆಗಸ್ಟ್ 12, ಗ್ರಂಥಪಾಲಕರ ದಿನ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೊಗೆ ಈಗಷ್ಟೇ ಹಾರ ಹಾಕಿ ಕೂತಿದ್ದೇವೆ. ಗ್ರಂಥಾಲಯ ಹೇಗಿರಬೇಕು ಅಂತ ಹೇಳುವ ಅವರ ಐದು ಸೂತ್ರಗಳು ಇಲ್ಲಿರುವ ಎಷ್ಟೋ ಜನಕ್ಕೆ ಬಾಯಿಪಾಠ. ಅವನ್ನು ನಾನು ಮತ್ತೆ ಹೇಳುವುದಿಲ್ಲ. ಆದರೆ ಇದು ಶಿಕ್ಷಣ ವಿಭಾಗ. ಹಾಗಾಗಿ ಒಂದು ಮಾತು ನೆನಪಿಸಬೇಕು. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. ಮದ್ರಾಸಿನ ಸೈದಾಪೇಟೆಯ ಟೀಚರ್ಸ್ ಕಾಲೇಜಿನಲ್ಲಿ ಎಲ್.ಟಿ. ಮಾಡಿದವರು. ಈಗಿನ ಬಿ.ಎಡ್. ಅಂದುಕೊಳ್ಳಿ. 1917ರಲ್ಲಿ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಪಾಠ ಮಾಡಲು ಬಂದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆ ಕೆಲಸ ಅವರಿಗೆ ಮೊದಮೊದಲು ಹಿಡಿಸಲೇ ಇಲ್ಲ. ನನಗೆ ಪಾಠವೇ ಸಾಕು, ವಾಪಸ್ ಕಳಿಸಿ ಅಂತ ಕೇಳಿಕೊಂಡರು. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೆ ಮನಸ್ಸು ತಿರುಗಿತು. ಕೊನೆಗೆ ಬೆಂಗಳೂರಿನಲ್ಲೇ ನೆಲೆಸಿದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರ ಡಿ.ಆರ್.ಟಿ.ಸಿ. ಕಟ್ಟಿದರು. ಅಂದರೆ ಅವರು ಗ್ರಂಥಪಾಲಕರಾದ ನಮ್ಮವರು ಎಷ್ಟೋ, ಮೇಷ್ಟ್ರುಗಳಾದ ನಿಮ್ಮವರೂ ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ.

ದಸರಾ ರಜೆಯಲ್ಲಿ ಈ ವಿಭಾಗದ ಗ್ರಂಥಾಲಯ ಮುಖ್ಯ ಗ್ರಂಥಾಲಯದ ಮೇಲ್ಮಹಡಿಗೆ ಹೋಗುತ್ತದೆ. ಸುತ್ತೋಲೆ ನೀವೆಲ್ಲ ನೋಡಿದ್ದೀರಿ. ಅಲ್ಲಿ ಸಿಗುವ ಜಾಗ ಇಲ್ಲಿನ ಅರ್ಧ. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಅಂತ ಪಟ್ಟಿ ತಯಾರಾಗುತ್ತಿದೆ. ಹೋಗಬೇಡಿ ಅಂತ ಹೇಳಲು ನಾನು ಬಂದಿಲ್ಲ. ಮಳೆಗಾಲದಲ್ಲಿ ಈ ಕಟ್ಟಡ ಹೇಗಿರುತ್ತೆ ಅಂತ ನನಗೆ ಗೊತ್ತು. ನನ್ನ ಚಿಂತೆ ಆ ಪಟ್ಟಿಯದ್ದು.

ಪಟ್ಟಿಯಲ್ಲಿ ಮೊದಲು ಹೊರಗೆ ಹೋಗುವುದು ಯಾವುದು ಅಂತ ಈಗಲೇ ಹೇಳಬಲ್ಲೆ. ಹಳೆಯ ಶಾಲಾ ಪಠ್ಯಪುಸ್ತಕಗಳು. ಶಿಕ್ಷಕರ ಕೈಪಿಡಿಗಳು. ತರಬೇತಿಯಲ್ಲಿ ಹಂಚಿದ ಸಾಹಿತ್ಯ. ಬಣ್ಣ ಮಾಸಿದ ಚಾರ್ಟುಗಳು. ಮೊದಲು ಉಳಿಯುವುದು ಯಾವುದು? ದೇಶದ ಶಿಕ್ಷಣದ ಬಗ್ಗೆ ಕೊಠಾರಿ ಆಯೋಗ ಕೊಟ್ಟ ವರದಿ, ಮನೋವಿಜ್ಞಾನದ ದಪ್ಪ ಇಂಗ್ಲಿಷ್ ಪುಸ್ತಕಗಳು, ಬೈಂಡ್ ಮಾಡಿಸಿದ ಜರ್ನಲ್‌ಗಳು. ಕೊಠಾರಿ ವರದಿ ಬೇಡ ಅಂತ ನಾನು ಹೇಳುತ್ತಿಲ್ಲ. ಅದು 1966ರದ್ದು, ಇವತ್ತಿಗೂ ಓದಬೇಕಾದ್ದು. ಆದರೆ ಅದು ಎಲ್ಲ ಕಡೆ ಇದೆ. ಈ ಮಾತನ್ನು ಇವತ್ತು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲ ಕಡೆ ಸಿಗುವುದನ್ನು ಯಾರಾದರೂ ಕಾಯುತ್ತಾರೆ. ಎಲ್ಲೂ ಸಿಗದ್ದನ್ನು ನಾವೇ ಕಾಯಬೇಕು.

ಜರ್ನಲ್‌ಗಳ ವಿಷಯವನ್ನೇ ನೋಡಿ. ಮೊದಲು ಒಂದು ವಿದೇಶಿ ಜರ್ನಲ್ ತರಿಸಬೇಕಾದರೆ ಎಷ್ಟು ಕಷ್ಟ ಇತ್ತು! ಕಡತ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ವರ್ಷದ ಅರ್ಧ ಸಂಚಿಕೆ ಮುಗಿದಿರುತ್ತಿದ್ದವು. ಈಗ ಕೇಂದ್ರ ಸರ್ಕಾರ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಮಾಡಿದೆ, ಎಲ್ಲರ ಪರವಾಗಿ ಒಂದೇ ಚಂದಾ. 2024ರ ನವೆಂಬರಿನಲ್ಲಿ ಸಂಪುಟ ಒಪ್ಪಿತು. 2025ರ ಜನವರಿಯಿಂದ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300 ಸರ್ಕಾರಿ ಸಂಸ್ಥೆಗಳು. ದೊಡ್ಡ ಕೆಲಸ, ಸಂತೋಷದ ವಿಷಯ. ಪಿಎಚ್.ಡಿ. ಪ್ರಬಂಧ ಬೇಕೇ, ಶೋಧಗಂಗಾ ಜಾಲತಾಣ ಇದೆ. ಹಿಂದೆ ಇನ್ನೊಂದು ವಿಶ್ವವಿದ್ಯಾಲಯದ ಪ್ರಬಂಧ ನೋಡಬೇಕಾದರೆ ರಾತ್ರಿ ಬಸ್ಸು ಹತ್ತಬೇಕಿತ್ತು.

ಹಾಗಿರುವಾಗ ಯೋಚಿಸಿ. ಅದೇ ಜರ್ನಲ್ ಕಲಬುರಗಿಯಲ್ಲೂ ಸಿಗುತ್ತೆ, ಶಿವಮೊಗ್ಗದಲ್ಲೂ ಸಿಗುತ್ತೆ, ಗುವಾಹಟಿಯಲ್ಲೂ ಸಿಗುತ್ತೆ. ಹಾಗಾದರೆ ಇಲ್ಲಿಗೇ ಬರಬೇಕು ಅನ್ನುವಂಥದ್ದು ನಮ್ಮಲ್ಲಿ ಏನಿದೆ?

ಇದಕ್ಕೆ ಒಂದು ಘಟನೆ ಹೇಳುತ್ತೇನೆ. ಇಲ್ಲಿಗೆ ಬರುವ ಮುಂಚೆ ನಾನು ಇನ್ನೊಂದು ಕಡೆ ಇದ್ದೆ. ಊರಿನ ಹೆಸರು ಬೇಡ. ಒಂದು ಮಧ್ಯಾಹ್ನ ಎಂ.ಎಡ್. ಓದುವ ಹುಡುಗಿಯೊಬ್ಬಳು ಬಂದಳು. ಅವಳ ಪ್ರಬಂಧದ ವಿಷಯ ಬಹಳ ಚೆನ್ನಾಗಿತ್ತು. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಇದೆಯಲ್ಲ, 52ರಲ್ಲಿ 27 ಕಳೆಯುವುದು, ಅದನ್ನು ನಮ್ಮ ಕನ್ನಡ ಪಠ್ಯಪುಸ್ತಕಗಳು ವರ್ಷದಿಂದ ವರ್ಷಕ್ಕೆ ಹೇಗೆ ಕಲಿಸಿವೆ? ಕಡ್ಡಿ ಕಟ್ಟು ಎಲ್ಲಿ ಬಂತು, ಚಿತ್ರ ಎಲ್ಲಿ ಬಂತು, ಬರೀ ನಿಯಮ ಹೇಳಿ ಬಿಟ್ಟಿದ್ದು ಎಲ್ಲಿ? "ಮೇಡಂ, ಮೂರನೇ ತರಗತಿಯ ಹಳೆಯ ಗಣಿತ ಪುಸ್ತಕಗಳು ಬೇಕು" ಅಂದಳು. ನಾನು ಎದೆಯುಬ್ಬಿಸಿ ಕಪಾಟಿನ ಹತ್ತಿರ ಕರೆದುಕೊಂಡು ಹೋದೆ. ಪಿಯಾಜೆ ಇದ್ದರು, ಬ್ರೂನರ್ ಇದ್ದರು, ವೈಗೋಟ್‌ಸ್ಕಿ ಎರಡು ಪ್ರತಿ ಇದ್ದರು. ಮಗು ಹೇಗೆ ಯೋಚಿಸುತ್ತೆ ಅಂತ ಹೇಳುವವರೆಲ್ಲ ಇದ್ದರು. ಮಗುವಿನ ಕೈಗೆ ಕೊಟ್ಟ ಪುಸ್ತಕ ಮಾತ್ರ ಒಂದೂ ಇರಲಿಲ್ಲ.

ಆಮೇಲೆ ನಮ್ಮ ಅಟೆಂಡರ್ ಹೇಳಿದರು. "ಮೇಡಂ, ಹಿಂದಿನ ಮೆಟ್ಟಿಲ ಕೆಳಗೆ ಕಟ್ಟಿಟ್ಟಿದ್ದೀವಲ್ಲ, ಅದರಲ್ಲಿ ಇರಬಹುದು." ಅದು ರದ್ದಿಯವನಿಗಾಗಿ ಕಟ್ಟಿಟ್ಟ ಗಂಟು. ಸೋಮವಾರ ಅವನು ಬರುವವನಿದ್ದ. ನಾವು ಹೋಗಿದ್ದು ಶುಕ್ರವಾರ. ಮೂವರೂ ನೆಲದ ಮೇಲೆ ಕೂತು ಗಂಟು ಬಿಚ್ಚಿದೆವು. ಧೂಳಿಗೆ ಮೂವರಿಗೂ ಸೀನು. ಒಂದೊಂದಾಗಿ ಸಿಕ್ಕವು. ನಾಲ್ಕು ಬೇರೆ ಬೇರೆ ಕಾಲದ ಮೂರನೇ ತರಗತಿ ಗಣಿತ. ಅದರಲ್ಲಿ ಒಂದು ಯಾವುದೋ ಮಗು ಬಳಸಿದ ಪ್ರತಿ. ಅದು ನಮ್ಮಲ್ಲಿಗೆ ಹೇಗೆ ಬಂತೋ ಆ ದೇವರಿಗೇ ಗೊತ್ತು. ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: "ನನ್ನ ಹೆಸರು ತಿಳಿಯಬೇಕಾದರೆ 34ನೇ ಪುಟ ನೋಡಿ."

ನಗುತ್ತಿದ್ದೀರಿ. ಅಂದರೆ ನೀವೂ ಬರೆದವರೇ! 34ನೇ ಪುಟಕ್ಕೆ ಹೋದರೆ "61ನೇ ಪುಟ ನೋಡಿ." 61ಕ್ಕೆ ಹೋದರೆ "18ನೇ ಪುಟ ನೋಡಿ." ಆ ಹುಡುಗಿ ಪ್ರಬಂಧ ಮರೆತು ಪುಟ ತಿರುಗಿಸುತ್ತಿದ್ದಳು. 18ನೇ ಪುಟದಲ್ಲಿ "ಕೋತಿ, ಇಷ್ಟು ಹೊತ್ತು ಹುಡುಕಿದೆಯಾ?" ಅಂತ ಇತ್ತು. ನಮ್ಮ ಅಟೆಂಡರ್ ಗೋಡೆಗೆ ಒರಗಿ ನಕ್ಕರು. ಆದರೆ ಆ 18ನೇ ಪುಟದ ಅಂಚಿನಲ್ಲಿ ಇನ್ನೂ ಒಂದು ಇತ್ತು. ಆ ಮಗು ಒಂದು ಕಳೆಯುವ ಲೆಕ್ಕ ಮಾಡಿತ್ತು. 52ರಲ್ಲಿ 5ನ್ನು ಹೊಡೆದು 4 ಮಾಡಿತ್ತು. ಅಲ್ಲಿವರೆಗೆ ಸರಿ. ಪಕ್ಕದ 2ನ್ನು 12 ಮಾಡುವುದು ಮರೆತಿತ್ತು. 2ರಲ್ಲಿ 7 ಹೋಗಲ್ಲ ಅಂತ 7ರಲ್ಲೇ 2 ಕಳೆದು 5 ಬರೆದಿತ್ತು. ಇತ್ತ 4ರಲ್ಲಿ 2 ಹೋಗಿ 2. ಉತ್ತರ 25. ಸರಿಯಾದ ಉತ್ತರ! ದಾರಿ ತಪ್ಪು, ಉತ್ತರ ಸರಿ. ಮೇಷ್ಟ್ರು ಕೆಂಪು ಶಾಯಿಯಲ್ಲಿ ರೈಟ್ ಹಾಕಿದ್ದರು.

ಆ ಹುಡುಗಿ ಅದನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದಳು. "ಮೇಡಂ, ಇದು ಯಾವ ಜರ್ನಲ್‌ನಲ್ಲೂ ಸಿಗಲ್ಲ ಅಲ್ವಾ?" ಅಂದಳು. ಸಿಗಲ್ಲಮ್ಮಾ ಅಂದೆ. ಸೋಮವಾರ ರದ್ದಿಯವನು ಬಂದ. ಆ ಗಂಟನ್ನು ನಾನು ಕೊಡಲಿಲ್ಲ.

ಈ ಪುಸ್ತಕಗಳು ಯಾಕೆ ಹೀಗೆ ಮೆಟ್ಟಿಲ ಕೆಳಗೆ ಹೋಗುತ್ತವೆ? ಯಾರೂ ಕೆಟ್ಟವರಲ್ಲ. ಇವು ಮಾದರಿ ಪ್ರತಿಗಳಾಗಿ ಸುಮ್ನೆ ಬಂದವು. ದುಡ್ಡು ಕೊಟ್ಟು ತಂದಿಲ್ಲ, ಹಾಗಾಗಿ ದಾಖಲಾತಿ ವಹಿಯಲ್ಲಿ ಹತ್ತಿಸಿಲ್ಲ. ಹತ್ತಿಸದ ಪುಸ್ತಕಕ್ಕೆ ನಂಬರಿಲ್ಲ. ನಂಬರಿಲ್ಲದ್ದು ಕಳೆದುಹೋದರೂ ಲೆಕ್ಕಕ್ಕೆ ಬರುವುದಿಲ್ಲ. ನಂಬರ್ ಕೊಡಲು ಹೊರಟವರಿಗೂ ತಲೆನೋವು. ಮೂರನೇ ತರಗತಿ ಗಣಿತವನ್ನು, ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿ ಪ್ರಕಾರ, ಗಣಿತ ಅಂತ 510ಕ್ಕೆ ಹಾಕಬೇಕೋ, ಪ್ರಾಥಮಿಕ ಶಿಕ್ಷಣದಲ್ಲಿ ಗಣಿತ ಅಂತ 372.7ಕ್ಕೆ ಹಾಕಬೇಕೋ? ಈ ಚರ್ಚೆ ನಡೆಯುತ್ತಿರುವಾಗಲೇ ಗೆದ್ದಲು ತನ್ನ ಕೆಲಸ ಮುಗಿಸುತ್ತದೆ. ಪ್ರತ್ಯೇಕ ಸಂಗ್ರಹ ಮಾಡಿ. ತರಗತಿ, ವಿಷಯ, ವರ್ಷ ಈ ಕ್ರಮದಲ್ಲಿ ಜೋಡಿಸಿ. ಸಾಕು.

ಇನ್ನೊಂದು ಹೆದರಿಕೆ ಇದೆ, ಆಡಿಟ್. ಪುಸ್ತಕ ಕಳೆದರೆ ಪಿಂಚಣಿಯಲ್ಲಿ ಹಿಡಿಯುತ್ತಾರೆ ಅನ್ನುವ ಭಯದಲ್ಲಿ ನಮ್ಮವರು ಜೀವಮಾನ ಕಳೆದಿದ್ದಾರೆ. ಕೇಂದ್ರದ 2017ರ ಹಣಕಾಸು ನಿಯಮಗಳನ್ನು ಓದಿ ನೋಡಿ. ವರ್ಷಕ್ಕೆ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಅಂತ ಅಲ್ಲೇ ಬರೆದಿದೆ, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಅಥವಾ ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ನಾವು ಇದನ್ನು ಉಲ್ಟಾ ಮಾಡಿದ್ದೇವೆ. ಸಾಮಾನ್ಯ ಪುಸ್ತಕಕ್ಕೆ ಬೀಗ ಹಾಕುತ್ತೇವೆ, ಅಪರೂಪದ್ದನ್ನು ತೂಕಕ್ಕೆ ಹಾಕುತ್ತೇವೆ.

ಪಠ್ಯಪುಸ್ತಕ ಯಾಕೆ ಅಪರೂಪ ಅನ್ನುವವರಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. 2017ರಲ್ಲಿ ಒಮ್ಮೆ ಪರಿಷ್ಕರಣೆ ಆಯಿತು. 2022ರಲ್ಲಿ ಮತ್ತೆ ಆಯಿತು. ಎಷ್ಟು ಗದ್ದಲ ಆಯಿತು ಅಂತ ನಿಮಗೆ ಗೊತ್ತು. 2023ರಲ್ಲಿ ಸರ್ಕಾರ ಬದಲಾಗಿ ಇನ್ನೊಮ್ಮೆ ಬದಲಾಯಿತು. ಅಷ್ಟರಲ್ಲಿ ಪುಸ್ತಕಗಳು ಮಕ್ಕಳ ಕೈ ಸೇರಿದ್ದವು, ಹಾಗಾಗಿ ಪೂರಕ ಪುಸ್ತಿಕೆ ಕಳಿಸಿದರು. ಯಾರು ಸರಿ ಅನ್ನುವ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಆದರೆ ಯಾವ ಪಾಠ ಬಂತು, ಯಾವುದು ಹೋಯಿತು ಅಂತ ಮುಂದೆ ಒಬ್ಬರು ಕೂತು ನೋಡಬೇಕಾದರೆ ಈ ಪುಸ್ತಕಗಳೆಲ್ಲ ಒಂದೇ ಮೇಜಿನ ಮೇಲೆ ಬೇಕು. ಆ ತೆಳ್ಳನೆಯ ಪೂರಕ ಪುಸ್ತಿಕೆಯೂ ಬೇಕು. ಅದು ಎಷ್ಟು ಗ್ರಂಥಾಲಯದಲ್ಲಿ ಇದೆ ಅಂತ ಕೇಳಿ ನೋಡಿ. ಜಾಲತಾಣದಲ್ಲಿ ಇರುತ್ತೆ ಅಂತೀರಾ? ಹೊಸ ಪುಸ್ತಕ ಬಂದ ಮೇಲೂ ಹಳೆಯ ಪಿಡಿಎಫ್ ಅಲ್ಲೇ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಮಕ್ಕಳು ಕಾರ್ಡು ಹಿಡಿದು ನಲಿಯುತ್ತಾ ಕಲಿಯುವ ನಲಿ-ಕಲಿ ನೋಡಿ. 1995ರಲ್ಲಿ ನಮ್ಮ ಹೆಗ್ಗಡದೇವನ ಕೋಟೆಯಲ್ಲಿ ಶುರುವಾಯಿತು. ಆಂಧ್ರದ ಋಷಿ ವ್ಯಾಲಿ ಶಾಲೆ ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಾರ್ಡು ಮಾಡಿದರು. 2009ರಲ್ಲಿ ರಾಜ್ಯಕ್ಕೆಲ್ಲ ಬಂತು. ಕಲಿಕಾ ಏಣಿ, ಮೈಲಿಗಲ್ಲು, ತಟ್ಟೆ, ಚಪ್ಪರ, ಇವೆಲ್ಲ ನಮ್ಮ ಶಾಲೆಗಳ ಮನೆಮಾತಾದವು. ಇದರ ಬಗ್ಗೆ ಬರೆದ ಇಂಗ್ಲಿಷ್ ಲೇಖನ ಬೇಕೆಂದರೆ ಐದು ನಿಮಿಷದಲ್ಲಿ ತೆಗೆದುಕೊಡುತ್ತೇನೆ. ಆ ಮೊದಲ ವರ್ಷಗಳ ಕಾರ್ಡು ಕೊಡಿ ಅಂದರೆ? ಅದು ಯಾವುದೋ ಶಾಲೆಯ ಮರದ ಪೆಟ್ಟಿಗೆಯಲ್ಲಿ ಇರಬೇಕು, ಇಲ್ಲವೇ ಎಂದೋ ಒಲೆಗೆ ಹೋಗಿರಬೇಕು. ಎಲ್ಲೂ ಸಿಗದ್ದನ್ನು ನಾವೇ ಕಾಯಬೇಕು ಅಂದೆನಲ್ಲ, ಅದು ಇದಕ್ಕೇ.

ಇನ್ನು ಹುಡುಕುವ ವಿಷಯ. ಕಾರ್ಡ್ ಕ್ಯಾಟಲಾಗ್ ತೆಗೆದು ಕಂಪ್ಯೂಟರ್ ತಂದೆವು. ಒಳ್ಳೆಯದೇ. ಗ್ರಂಥಾಲಯದ ತಂತ್ರಾಂಶ ಕೋಹಾ ಬಂತು, ಕೆಲವು ಕಡೆ ಸೋಲ್, ಕೆಲವು ಕಡೆ ಇ-ಗ್ರಂಥಾಲಯ. ಆದರೆ ಅವಸರದಲ್ಲಿ ಬಹಳ ಕಡೆ ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿದರು. ಶಿಕ್ಷಣ ಅನ್ನುವುದನ್ನು ಒಬ್ಬರು ಎಸ್ ಹೆಚ್ ಹಾಕಿ ಬರೆದರು, ಇನ್ನೊಬ್ಬರು ಬರೀ ಎಸ್. ಕೊನೆಯಲ್ಲಿ ಒಬ್ಬರು ಎ ಹಾಕಿದರು, ಒಬ್ಬರು ಬಿಟ್ಟರು. ಶಿಕ್ಷಣದ ಗ್ರಂಥಾಲಯದಲ್ಲಿ ಶಿಕ್ಷಣ ಅಂತ ಹುಡುಕಿದರೆ ಅರ್ಧ ಪುಸ್ತಕ ಬರುವುದಿಲ್ಲ! ಹಳೆಯ ಕಾರ್ಡಿನಲ್ಲಿ ಮುತ್ತಿನಂಥ ಕನ್ನಡ ಅಕ್ಷರದಲ್ಲಿ ಎಲ್ಲ ಇತ್ತು. ಯೂನಿಕೋಡ್ ಕನ್ನಡದಲ್ಲಿ ಮತ್ತೆ ತುಂಬಿ. ಬೇಸರದ ಕೆಲಸ ನಿಜ. ಆದರೆ ಓದುಗರ ಸಮಯ ಉಳಿಸು ಅಂತ ರಂಗನಾಥನ್ ಹೇಳಿದ್ದು ಇದನ್ನೇ. ನೋಡಿ, ಸೂತ್ರ ಹೇಳಲ್ಲ ಅಂದು ಹೇಳಿಬಿಟ್ಟೆ.

ಚೀಟಿ ಬಂತು. ಐದು ನಿಮಿಷ ಅಂತೆ. ಸೇವೆಗಳ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ಬೇಗ ಹೇಳುತ್ತೇನೆ.

ಸಮಯ. ಶಾಲೆ ಬಿಡುವುದು ನಾಲ್ಕೂವರೆಗೆ. ಗ್ರಂಥಾಲಯ ಮುಚ್ಚುವುದು ಐದೂವರೆಗೆ. ಹಳ್ಳಿಯ ಮೇಷ್ಟ್ರು ಯಾವಾಗ ಬರಬೇಕು? ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಗ್ಗೆ ತೆರೆಯಿರಿ.

ಸದಸ್ಯತ್ವ. ನಮ್ಮ ರಾಜ್ಯದ ಬಿ.ಎಡ್. ಕಾಲೇಜುಗಳಲ್ಲಿ ಜಾಸ್ತಿ ಖಾಸಗಿಯವು. ನಾನು ಹೇಳಿದ ಆ ಕೇಂದ್ರದ ಯೋಜನೆ ಇರುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನಲ್ಲಿ ಓದುವ ಬಡ ಹುಡುಗಿ ಏನು ಮಾಡಬೇಕು? ಅವಳೂ ನಾಳೆ ನಮ್ಮ ಮಕ್ಕಳಿಗೇ ಪಾಠ ಮಾಡುವವಳು. ಒಂದು ಕಾರ್ಡ್ ಕೊಟ್ಟು ಒಳಗೆ ಕೂರಿಸಿ.

ಟಿಇಟಿಗೆ, ಕೆಪಿಎಸ್‌ಸಿಗೆ ಓದುವ ಹುಡುಗರು ತಮ್ಮ ಪುಸ್ತಕ ತಂದು ಜಾಗ ಹಿಡಿಯುತ್ತಾರೆ ಅಂತ ದೂರು ಇದೆ. ಹಿಡಿಯಲಿ ಬಿಡಿ. ಮನೆಯಲ್ಲಿ ಕೂತು ಓದಲು ಜಾಗ ಇದ್ದಿದ್ದರೆ ಅವರು ಬೆಳಗ್ಗೆ ಎಂಟಕ್ಕೆ ಬಂದು ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ.

ಸ್ಕ್ಯಾನಿಂಗ್ ಬಗ್ಗೆ ಒಂದೇ ಮಾತು. ಮಾಡಿ, ಆದರೆ ಸ್ಕ್ಯಾನ್ ಆಯಿತು ಅಂತ ಮೂಲವನ್ನು ಎಸೆಯಬೇಡಿ. ಆ 18ನೇ ಪುಟದ ಪೆನ್ಸಿಲ್ ಗುರುತು ಅಷ್ಟು ತೆಳ್ಳಗಿತ್ತು, ನಮ್ಮ ಯಂತ್ರಕ್ಕೆ ಬೀಳಲೇ ಇಲ್ಲ.

ಪಟ್ಟಿ ಮಾಡುವ ಸಮಿತಿಯವರು ಮುಂದಿನ ಸಾಲಿನಲ್ಲೇ ಇದ್ದೀರಿ. ನನ್ನದು ಒಂದೇ ಕೋರಿಕೆ. ಹೊಸ ಮಹಡಿಯಲ್ಲಿ ನಾಲ್ಕು ಕಪಾಟು ಕೊಡಿ. ನಿವೃತ್ತಳಾದ ನನಗೆ ಈಗ ಸಮಯ ಇದೆ. ವಾರಕ್ಕೆ ಎರಡು ದಿನ ಬಂದು ಪುಸ್ತಕ ಜೋಡಿಸಿ ನಂಬರ್ ಹಾಕಿಕೊಡುತ್ತೇನೆ.

ಉಳಿದವರಿಗೆ ಬಾಗಿಲ ಪಕ್ಕ ಎರಡು ಪೆಟ್ಟಿಗೆ ಇಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಶಾಲಾ ಪುಸ್ತಕ, ಕೈಪಿಡಿ, ನಲಿ-ಕಲಿ ಕಾರ್ಡು ಏನಿದ್ದರೂ ತಂದು ಹಾಕಿ. ಒಳಗೆ ಮಕ್ಕಳು ಗೀಚಿದ್ದರೆ ಅಳಿಸಬೇಡಿ. 2023ರ ಆ ಪೂರಕ ಪುಸ್ತಿಕೆ ಯಾರ ಹತ್ತಿರವಾದರೂ ಇದ್ದರೆ ಊಟಕ್ಕೆ ಹೋಗುವ ಮೊದಲು ನನ್ನನ್ನು ಕಾಣಿ. ನಮಸ್ಕಾರ.